ಡಿಸ್ಕ್ ಬದಲಾಗಲಿ, ಬರೆದದ್ದು ಉಳಿಯಲಿ

ಕಂಪ್ಯೂಟರ್ ನಿಧಾನವಾಯಿತೆಂದು ಅಂಗಡಿಗೆ ಒಯ್ದರೆ ನಮ್ಮೂರುಗಳಲ್ಲಿ ಮೊದಲು ಸಿಗುವ ಉತ್ತರ, ‘ಫಾರ್ಮ್ಯಾಟ್ ಹೊಡೀಬೇಕು ಸಾರ್.’ ಅದರ ಬೆನ್ನಿಗೇ ಸಮಾಧಾನದ ಮಾತೂ ಬರುತ್ತದೆ: ‘ಸಿ ಡ್ರೈವ್ ಮಾತ್ರ ಹೋಗುತ್ತೆ, ಡಿ ಡ್ರೈವ್‌ನಲ್ಲಿರೋದಕ್ಕೆ ಏನೂ ಆಗಲ್ಲ.’ ಡೆಸ್ಕ್‌ಟಾಪ್ ಮೇಲೆ ಇಟ್ಟದ್ದು, ಡಾಕ್ಯುಮೆಂಟ್ಸ್ ಫೋಲ್ಡರಿಗೆ ಹಾಕಿದ್ದು, ಡೌನ್‌ಲೋಡ್ ಮಾಡಿಕೊಂಡದ್ದು ಎಲ್ಲವೂ ಇರುವುದು ಆ ಸಿ ಡ್ರೈವ್‌ನಲ್ಲೇ ಎಂಬುದು ಕೊಟ್ಟವರಿಗೆ ಗೊತ್ತಿರುವುದಿಲ್ಲ, ಇಸಿದುಕೊಂಡವರು ಕೇಳುವುದಿಲ್ಲ. ಮೇಷ್ಟ್ರು ವರ್ಷಗಟ್ಟಲೆ ಕೂಡಿಸಿಟ್ಟ ಪ್ರಶ್ನೆಪತ್ರಿಕೆಗಳು, ತೀರಿಕೊಂಡ ಅಜ್ಜಿಯ ಫೋಟೊಗಳು, ಸಣ್ಣ ಪ್ರೆಸ್ಸಿನ ಲಗ್ನಪತ್ರಿಕೆ ನಮೂನೆಗಳು ಹೀಗೆ ಅರ್ಧ ಗಂಟೆಯಲ್ಲಿ ಅಳಿಸಿಹೋಗುತ್ತವೆ.

ಅಂಥ ಕಂಪ್ಯೂಟರ್‌ಗಳಲ್ಲಿ ಬಹಳಷ್ಟಕ್ಕೆ ಫಾರ್ಮ್ಯಾಟ್ ಬೇಕಾಗಿಯೇ ಇರುವುದಿಲ್ಲ. ಎಂಟು–ಹತ್ತು ವರ್ಷದ ಲ್ಯಾಪ್‌ಟಾಪ್ ಎದ್ದು ನಿಲ್ಲಲು ಐದು ನಿಮಿಷ ತೆಗೆದುಕೊಳ್ಳುತ್ತಿದ್ದರೆ ತಪ್ಪು ಸಾಮಾನ್ಯವಾಗಿ ಅದರೊಳಗಿನ ಹಾರ್ಡ್ ಡಿಸ್ಕಿನದು. ಅದನ್ನು ತೆಗೆದು ಎಸ್‌ಎಸ್‌ಡಿ ಕೂರಿಸಿ, ಹಳೆಯದರಲ್ಲಿದ್ದ ವಿಂಡೋಸ್, ಪ್ರೋಗ್ರಾಮ್, ಫೈಲ್ ಎಲ್ಲವನ್ನೂ ಇದ್ದ ಹಾಗೇ ಹೊಸದಕ್ಕೆ ಸಾಗಿಸಬಹುದು. ಅದೇ ಮೇಜು, ಅದೇ ಪಾಸ್‌ವರ್ಡ್, ಅದೇ ಐಕಾನ್‌ಗಳು. ವೇಗ ಮಾತ್ರ ಬೇರೆ. ಈ ಕೆಲಸಕ್ಕೆ ದೊಡ್ಡ ವಿದ್ಯೆ ಬೇಡ, ಆದರೆ ಯಾವುದರ ಮೇಲೆ ಯಾವುದು ಎಂಬ ಅನುಕ್ರಮ ತಪ್ಪಬಾರದು.

ಹಾರ್ಡ್ ಡಿಸ್ಕ್ ಏಕೆ ನಿಧಾನ ಎಂಬುದನ್ನು ಲೆಕ್ಕ ಹಾಕಿಯೇ ನೋಡಬಹುದು. ಅದರೊಳಗೆ ಕಾಂತೀಯ ಲೇಪವಿರುವ ತಟ್ಟೆಗಳು ತಿರುಗುತ್ತಿರುತ್ತವೆ. ತುದಿಯಲ್ಲಿ ಓದುವ ತಲೆಯಿರುವ ತೋಳೊಂದು ಅವುಗಳ ಮೇಲೆ ಹಿಂದೆ ಮುಂದೆ ಸರಿಯುತ್ತದೆ. 1956ರಲ್ಲಿ ಐಬಿಎಂ ಹೊರತಂದ ಮೊದಲ ಡಿಸ್ಕ್ ಘಟಕದಲ್ಲಿ 24 ಅಂಗುಲ ವ್ಯಾಸದ 50 ತಟ್ಟೆಗಳಿದ್ದವು, ಅವೆಲ್ಲ ಸೇರಿ ಹಿಡಿದಿಟ್ಟದ್ದು 50 ಲಕ್ಷ ಅಕ್ಷರ. ಇಂದು ಮೊಬೈಲಿನಲ್ಲಿ ತೆಗೆದ ಒಂದು ಫೋಟೊ ಸುಮಾರು ಅಷ್ಟು ಜಾಗ ತಿನ್ನುತ್ತದೆ. ಡಿಸ್ಕ್ ಅಂಗೈಗೆ ಇಳಿಯಿತು, ಹಿಡಿಸುವ ಪ್ರಮಾಣ ಲಕ್ಷಾಂತರ ಪಟ್ಟು ಏರಿತು, ಆದರೆ ತಿರುಗುವ ತಟ್ಟೆ ಮತ್ತು ಸರಿಯುವ ತೋಳು ಹಾಗೇ ಉಳಿದವು. ಲ್ಯಾಪ್‌ಟಾಪಿನ ಸಾಮಾನ್ಯ ಡಿಸ್ಕ್ ನಿಮಿಷಕ್ಕೆ 5,400 ಸುತ್ತು ತಿರುಗುತ್ತದೆ. ಒಂದು ಸುತ್ತಿಗೆ 11 ಮಿಲಿಸೆಕೆಂಡ್. ಬೇಕಾದ ಜಾಗ ತಲೆಯ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು. ತೋಳು ಸರಿಯುವ ಸಮಯವನ್ನೂ ಸೇರಿಸಿದರೆ ಒಂದೊಂದು ಚದುರಿದ ತುಣುಕಿಗೆ 15ರಿಂದ 18 ಮಿಲಿಸೆಕೆಂಡ್. ಅಂದರೆ ಸೆಕೆಂಡಿಗೆ ಐವತ್ತು–ಅರವತ್ತು ಕಡೆ ತಲೆ ಹಾಕಬಹುದು, ಅಷ್ಟೇ. ವಿಂಡೋಸ್ ಏಳುವಾಗ ಓದಬೇಕಾದ ಸಣ್ಣ ತುಣುಕುಗಳು ಸಾವಿರ ಸಾವಿರ.

ಎಸ್‌ಎಸ್‌ಡಿಯಲ್ಲಿ ತಿರುಗುವುದು, ಸರಿಯುವುದು ಯಾವುದೂ ಇಲ್ಲ. ಜಪಾನಿನ ತೋಷಿಬಾ ಕಂಪನಿಯಲ್ಲಿದ್ದ ಫುಜಿಯೊ ಮಸುವೊಕ 1980ರ ದಶಕದಲ್ಲಿ ರೂಪಿಸಿದ ಫ್ಲ್ಯಾಶ್ ಮೆಮೊರಿ ಅದರ ಮೂಲ. ಪುಟ್ಟ ಕೋಶಗಳಲ್ಲಿ ವಿದ್ಯುದಂಶ ಹಿಡಿದಿಟ್ಟು ಮಾಹಿತಿ ಉಳಿಸುವ ವಿಧಾನ ಅದು. ಎಲ್ಲಿರುವ ತುಣುಕನ್ನಾದರೂ ಮಿಲಿಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ಹೊತ್ತಿನಲ್ಲಿ ಓದಬಹುದು. ಜಾಹೀರಾತುಗಳು ‘ಸೆಕೆಂಡಿಗೆ ಇಷ್ಟು ಸಾವಿರ ಎಂಬಿ’ ಎಂದು ಕೂಗುತ್ತವೆ. ಹಳೆಯ ಲ್ಯಾಪ್‌ಟಾಪ್ ಇಟ್ಟುಕೊಂಡವರು ಅದಕ್ಕೆ ಮರುಳಾಗಬೇಕಿಲ್ಲ. ಸಾಟಾ ಎಸ್‌ಎಸ್‌ಡಿ ಸುಮಾರು 550 ಎಂಬಿ ಕೊಟ್ಟರೆ, ಎನ್‌ವಿಎಂಇ ಬಗೆಯದು 3,500ರಿಂದ 7,000 ಎಂಬಿ ಕೊಡುತ್ತದೆ, ನಿಜ. ಆದರೆ ದಿನದ ಬಳಕೆಯಲ್ಲಿ ಜೀವ ಬಂದಂತೆ ಅನಿಸುವುದು ಆ ಕಾಯುವಿಕೆ ತಪ್ಪಿದ್ದರಿಂದ. ಅದು ಸಾಟಾದಲ್ಲೇ ಸಿಗುತ್ತದೆ.

ಕೊಳ್ಳುವ ಮುನ್ನ ನಿಮ್ಮ ಯಂತ್ರಕ್ಕೆ ಯಾವ ಆಕಾರದ್ದು ಕೂರುತ್ತದೆ ಎಂದು ತಿಳಿದುಕೊಳ್ಳಿ. ಹಳೆಯ ಲ್ಯಾಪ್‌ಟಾಪ್‌ಗಳಲ್ಲಿ ಎರಡೂವರೆ ಅಂಗುಲದ ಚಪ್ಪಟೆ ಪೆಟ್ಟಿಗೆ. ಹೊಸವುಗಳಲ್ಲಿ ಚೂಯಿಂಗ್ ಗಮ್ ಪಟ್ಟಿಯಷ್ಟಿರುವ ಎಂ.2. ಅದರ ಮೇಲಿನ 2280 ಎಂಬ ಅಂಕಿಯ ಅರ್ಥ 22 ಮಿ.ಮೀ. ಅಗಲ, 80 ಮಿ.ಮೀ. ಉದ್ದ. ಎಂ.2 ಎಂಬುದು ಆಕಾರದ ಹೆಸರು ಮಾತ್ರ. ಅದೇ ಆಕಾರದಲ್ಲಿ ಸಾಟಾ ಕೂಡ ಬರುತ್ತದೆ, ಎನ್‌ವಿಎಂಇ ಕೂಡ ಬರುತ್ತದೆ. ಒಂದನ್ನು ಬಯಸುವ ಸ್ಲಾಟಿಗೆ ಇನ್ನೊಂದನ್ನು ಹಾಕಿದರೆ ಕಂಪ್ಯೂಟರ್ ಅದನ್ನು ಗುರುತಿಸುವುದೇ ಇಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗುವುದಾದರೂ ಲ್ಯಾಪ್‌ಟಾಪಿನ ಪೂರ್ತಿ ಮಾಡೆಲ್ ಸಂಖ್ಯೆ ಬರೆದುಕೊಂಡು ಹೋಗುವುದು ಕ್ಷೇಮ.

ಇನ್ನು ಸಾಗಿಸುವ ಮಾತು. ಸಿ ಡ್ರೈವ್ ತೆರೆದು, ಎಲ್ಲವನ್ನೂ ಆಯ್ದು, ಹೊಸ ಡಿಸ್ಕಿಗೆ ಪೇಸ್ಟ್ ಮಾಡಿದರೆ ಸಾಲದೆ? ಸಾಲದು. ವಿಂಡೋಸ್ ಓಡುತ್ತಿರುವಾಗ ತನ್ನ ಮುಖ್ಯ ಫೈಲ್‌ಗಳನ್ನು ತಾನೇ ಹಿಡಿದುಕೊಂಡಿರುತ್ತದೆ. ರಿಜಿಸ್ಟ್ರಿಯಂಥವನ್ನು ಕಾಪಿ ಮಾಡಲು ಬಿಡುವುದೇ ಇಲ್ಲ. ಬಿಟ್ಟಿತೆಂದೇ ಇಟ್ಟುಕೊಂಡರೂ ಯಾವ ಫೈಲ್ ಯಾರಿಗೆ ಸೇರಿದ್ದು, ಯಾರು ತೆರೆಯಬಹುದು ಎಂಬ ವಿವರಗಳು ದಾರಿಯಲ್ಲಿ ಉದುರುತ್ತವೆ. ಎಲ್ಲಕ್ಕಿಂತ ಹೆಚ್ಚಾಗಿ, ಡಿಸ್ಕಿನಲ್ಲಿರುವುದು ಸಿ ಡ್ರೈವ್ ಒಂದೇ ಅಲ್ಲ. ವಿಂಡೋಸಿನ ‘ಡಿಸ್ಕ್ ಮ್ಯಾನೇಜ್‌ಮೆಂಟ್’ ತೆರೆದು ನೋಡಿದರೆ ಹೆಸರಿಲ್ಲದ ಕೆಲವು ತುಂಡುಗಳು ಕಾಣುತ್ತವೆ. ಅವುಗಳಲ್ಲಿ ಸುಮಾರು 100 ಎಂಬಿಯ ಇಎಫ್‌ಐ ಪಾರ್ಟಿಷನ್ ಮುಖ್ಯವಾದದ್ದು. ಕಂಪ್ಯೂಟರ್ ಆನ್ ಮಾಡಿದಾಗ ಮದರ್‌ಬೋರ್ಡಿನಲ್ಲಿರುವ ಯುಇಎಫ್‌ಐ ಎಂಬ ಒಳತಂತ್ರಾಂಶ ಮೊದಲು ಹುಡುಕುವುದು ಇದನ್ನೇ. ಇದರಲ್ಲಿರುವ ಪುಟ್ಟ ಪ್ರೋಗ್ರಾಮ್ ಎದ್ದು, ವಿಂಡೋಸ್ ಎಲ್ಲಿದೆ ಎಂದು ಕಂಡುಕೊಂಡು ಅದನ್ನು ಎಬ್ಬಿಸುತ್ತದೆ. ಸಿ ಡ್ರೈವ್ ಅಷ್ಟನ್ನೇ ಸಾಗಿಸಿದರೆ ಕಪ್ಪು ಪರದೆಯ ಮೇಲೆ ‘ಬೂಟ್ ಆಗುವ ಸಾಧನ ಇಲ್ಲ’ ಎಂಬ ಸಂದೇಶ ಬರುವುದು ಇದಕ್ಕೇ.

ಇನ್ನೂ ಹಳೆಯ ಯಂತ್ರಗಳಲ್ಲಿ ಎಂಬಿಆರ್ ಎಂಬ ಪದ್ಧತಿ ಇರುತ್ತದೆ. ಡಿಸ್ಕಿನ ಮೊಟ್ಟಮೊದಲ 512 ಬೈಟುಗಳಲ್ಲಿ ಎಬ್ಬಿಸುವ ಸೂಚನೆಯೂ ಪಾರ್ಟಿಷನ್ ಪಟ್ಟಿಯೂ ಕೂತಿರುತ್ತವೆ. ಅದು ಸುಮಾರು ಎರಡು ಟಿಬಿಗಿಂತ ಆಚೆಗಿನ ಜಾಗವನ್ನು ಗುರುತಿಸದು. ಅದೇ ಕಂಪ್ಯೂಟರಿಗೆ ಅದಕ್ಕಿಂತ ಸಣ್ಣ ಎಸ್‌ಎಸ್‌ಡಿ ಹಾಕುವವರು ಎಂಬಿಆರ್ ಅನ್ನು ಹಾಗೇ ಬಿಟ್ಟರೆ ತೊಂದರೆಯಿಲ್ಲ. ವಿಂಡೋಸ್ 10ಕ್ಕೆ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದದ್ದರಿಂದ 11ಕ್ಕೆ ಏರುವ ಆತುರ ಹಲವರಿಗಿದೆ. ಅದಕ್ಕೆ ಯುಇಎಫ್‌ಐ ಜೊತೆಗೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಮತ್ತು ಒಪ್ಪಿತ ಪಟ್ಟಿಯಲ್ಲಿರುವ ಪ್ರೊಸೆಸರ್ ಬೇಕು. ಡಿಸ್ಕ್ ಬದಲಿಸಿದ ಮಾತ್ರಕ್ಕೆ ಅರ್ಹತೆ ಬರುವುದಿಲ್ಲ. ಅರ್ಹತೆ ಇದ್ದರೂ ಎರಡನ್ನೂ ಒಂದೇ ದಿನ ಮಾಡಬೇಡಿ. ಮೊದಲು ಡಿಸ್ಕ್, ಅದು ನಾಲ್ಕು ದಿನ ಚೆನ್ನಾಗಿ ಓಡಲಿ, ಆಮೇಲೆ ವಿಂಡೋಸ್. ಒಟ್ಟಿಗೆ ಮಾಡಿ ಏನಾದರೂ ಕೆಟ್ಟರೆ ಯಾವುದರಿಂದ ಕೆಟ್ಟಿತೆಂದು ತಿಳಿಯುವುದಿಲ್ಲ.

ಹೀಗಾಗಿ ಬೇಕಾಗಿರುವುದು ಕ್ಲೋನಿಂಗ್: ಡಿಸ್ಕಿನ ಪಾರ್ಟಿಷನ್‌ಗಳನ್ನೆಲ್ಲ ಅವುಗಳ ಗುರುತಿನ ಸಂಖ್ಯೆ ಸಮೇತ ಹೊಸದರ ಮೇಲೆ ಅಚ್ಚೊತ್ತುವುದು. ಅದಕ್ಕೂ ಮೊದಲು, ಹೋದರೆ ಮತ್ತೆ ಬಾರದ ಫೋಟೊ, ಪತ್ರ, ಲೆಕ್ಕಗಳನ್ನು ಬೇರೊಂದು ಹೊರ ಡಿಸ್ಕಿಗೋ ದೊಡ್ಡ ಪೆನ್‌ಡ್ರೈವಿಗೋ ಕಾಪಿ ಮಾಡಿಡಿ. ಹಳೆಯದು ಒಂದು, ಹೊಸದು ಒಂದು, ಇವೆರಡೂ ಕೈಕೊಟ್ಟರೆ ಎಂಬ ಮೂರನೆಯದು ಅದು. ಡಿ ಡ್ರೈವ್‌ಗೆ ಹಾಕಿದ್ದೇನೆ ಎಂಬುದು ಬ್ಯಾಕಪ್ ಆಗುವುದಿಲ್ಲ, ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ. ನಮ್ಮಲ್ಲಿನ ಬಹುತೇಕ ಯಂತ್ರಗಳಲ್ಲಿ ಸಿ, ಡಿ, ಇ ಮೂರೂ ಒಂದೇ ಡಿಸ್ಕನ್ನು ಗೆರೆ ಎಳೆದು ಹಂಚಿದ ಭಾಗಗಳು. ಡಿಸ್ಕ್ ಸತ್ತರೆ ಮೂರೂ ಒಟ್ಟಿಗೆ ಹೋಗುತ್ತವೆ. ಒನ್‌ಡ್ರೈವ್ ಬಳಸುವವರು ಇನ್ನೊಂದನ್ನು ಗಮನಿಸಿ: ಮೋಡದ ಗುರುತಿರುವ ಫೈಲ್‌ಗಳ ಹೆಸರು ಮಾತ್ರ ನಿಮ್ಮ ಕಂಪ್ಯೂಟರಿನಲ್ಲಿದೆ, ಒಡಲು ದೂರದ ಸರ್ವರಿನಲ್ಲಿದೆ.

ಆಮೇಲೆ ಹಳೆಯ ಡಿಸ್ಕಿನ ಆರೋಗ್ಯ. ಪ್ರತಿ ಡಿಸ್ಕೂ ತನ್ನ ಸ್ಥಿತಿಯನ್ನು ಸ್ಮಾರ್ಟ್ ಎಂಬ ದಾಖಲೆಯಲ್ಲಿ ಬರೆದಿಡುತ್ತದೆ. ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಎಂಬ ಉಚಿತ ತಂತ್ರಾಂಶ ಅದನ್ನು ತೋರಿಸುತ್ತದೆ. ಕೆಟ್ಟು ಬದಲಿ ಜಾಗಕ್ಕೆ ಹೋದ ಸೆಕ್ಟರುಗಳ ಎಣಿಕೆ ಮತ್ತು ಓದಲಾಗದೆ ಬಾಕಿ ನಿಂತಿರುವವುಗಳ ಎಣಿಕೆ, ಈ ಎರಡು ಸಾಲು ನೋಡಿದರೆ ಸಾಕು. ಗೂಗಲ್ ತನ್ನ ಒಂದು ಲಕ್ಷಕ್ಕೂ ಮಿಕ್ಕ ಡಿಸ್ಕುಗಳನ್ನು ಗಮನಿಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೇಲ್ಮೈ ತಪಾಸಣೆಯಲ್ಲಿ ಮೊದಲ ದೋಷ ಕಂಡ ಡಿಸ್ಕುಗಳು ಮುಂದಿನ 60 ದಿನಗಳಲ್ಲಿ ಕೆಡುವ ಸಂಭವ ದೋಷವಿಲ್ಲದವುಗಳಿಗಿಂತ 39 ಪಟ್ಟು ಹೆಚ್ಚಿತ್ತು. ಅದೇ ಅಧ್ಯಯನದ ಇನ್ನೊಂದು ಮಾತು ಹೆಚ್ಚು ಎಚ್ಚರಿಸುವಂಥದು: ಕೆಟ್ಟ ಡಿಸ್ಕುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಮುಖ್ಯವಾದ ನಾಲ್ಕು ಸೂಚಕಗಳಲ್ಲಿ ಯಾವ ಮುನ್ಸೂಚನೆಯನ್ನೂ ಕೊಟ್ಟಿರಲಿಲ್ಲ. ದಾಖಲೆ ಸ್ವಚ್ಛವಾಗಿದೆ ಎಂದು ಬ್ಯಾಕಪ್ ಬಿಡುವ ಹಾಗಿಲ್ಲ.

ಡಿಸ್ಕ್ ಟಕ್ ಟಕ್ ಎನ್ನುತ್ತಿದ್ದರೆ ಕೂಡಲೇ ಆಫ್ ಮಾಡಿ. ಬೆಲೆಬಾಳುವ ಮಾಹಿತಿ ಇದ್ದರೆ ಅದು ಡೇಟಾ ರಿಕವರಿ ಮಾಡುವವರ ಕೆಲಸ. ಶಬ್ದವಿಲ್ಲ, ಆದರೆ ಅಲ್ಲಲ್ಲಿ ಓದಲು ತಡವರಿಸುತ್ತಿದೆ ಎಂದರೆ ಸಾಮಾನ್ಯ ಕ್ಲೋನಿಂಗ್ ತಂತ್ರಾಂಶ ಕೆಟ್ಟ ಜಾಗದಲ್ಲೇ ಹಟ ಹಿಡಿದು ಡಿಸ್ಕನ್ನು ಇನ್ನಷ್ಟು ದಣಿಸಬಹುದು. ಲಿನಕ್ಸಿನ ಡಿಡಿರೆಸ್ಕ್ಯೂ ಇಲ್ಲಿ ಆಪದ್ಬಾಂಧವ. ಚೆನ್ನಾಗಿರುವ ಭಾಗಗಳನ್ನೆಲ್ಲ ಮೊದಲು ಎತ್ತಿಕೊಂಡು, ಕೆಟ್ಟದ್ದು ಎಲ್ಲೆಲ್ಲಿದೆ ಎಂದು ಗುರುತು ಮಾಡಿಟ್ಟು, ಕೊನೆಯಲ್ಲಿ ಅವುಗಳ ಹತ್ತಿರ ಮರಳುತ್ತದೆ. ನಡುವೆ ನಿಲ್ಲಿಸಿದರೂ ಬಿಟ್ಟಲ್ಲಿಂದಲೇ ಮುಂದುವರಿಯುತ್ತದೆ.

ಗಾತ್ರದ ಲೆಕ್ಕ ಹಲವರನ್ನು ದಾರಿ ತಪ್ಪಿಸುತ್ತದೆ. ಕಂಪನಿ 1 ಟಿಬಿ ಎಂದು ಬರೆಯುವುದು ಸಾವಿರದ ಲೆಕ್ಕದಲ್ಲಿ, ವಿಂಡೋಸ್ ಎಣಿಸುವುದು 1,024ರ ಲೆಕ್ಕದಲ್ಲಿ. ಅದಕ್ಕೇ 1 ಟಿಬಿ ಡಿಸ್ಕ್ 931 ಜಿಬಿ ಎಂದು ಕಾಣುತ್ತದೆ, 500 ಜಿಬಿಯದು 465 ಎಂದು. ಒಳಗೆ ತುಂಬಿರುವುದು 180 ಜಿಬಿ ಮಾತ್ರವಾದರೆ 1 ಟಿಬಿ ಹಾರ್ಡ್ ಡಿಸ್ಕಿನಿಂದ 500 ಜಿಬಿ ಎಸ್‌ಎಸ್‌ಡಿಗೆ ಇಳಿಯಲು ಅಡ್ಡಿಯಿಲ್ಲ. ಆದರೆ ಕ್ಲೋನ್‌ಜಿಲ್ಲಾದಂಥ ಉಚಿತ ತಂತ್ರಾಂಶ ಸಾಮಾನ್ಯವಾಗಿ ಹೊಸ ಡಿಸ್ಕ್ ಹಳೆಯದರಷ್ಟಾದರೂ ಇರಲಿ ಎನ್ನುತ್ತದೆ, ಆಗ ಪಾರ್ಟಿಷನ್‌ಗಳನ್ನು ಮೊದಲೇ ಕುಗ್ಗಿಸಿಕೊಳ್ಳಬೇಕು. ಹಲವು ಎಸ್‌ಎಸ್‌ಡಿ ಕಂಪನಿಗಳು ತಮ್ಮ ಗ್ರಾಹಕರಿಗೆ ಪುಕ್ಕಟೆ ಕೊಡುವ ತಂತ್ರಾಂಶ ಈ ಕುಗ್ಗಿಸುವ ಕೆಲಸವನ್ನು ತಾನೇ ಮಾಡಿಕೊಳ್ಳುತ್ತದೆ. ಮೊದಲ ಸಲ ಮಾಡುವವರಿಗೆ ನನ್ನ ಸಲಹೆ ಅದೇ.

ಎರಡು ಸ್ವಿಚ್‌ಗಳನ್ನು ಮರೆಯಬಾರದು. ಒಂದು ಬಿಟ್‌ಲಾಕರ್. ಮೈಕ್ರೊಸಾಫ್ಟ್ ಖಾತೆಯಿಂದ ಲಾಗಿನ್ ಆದ ಈಚಿನ ಲ್ಯಾಪ್‌ಟಾಪ್‌ಗಳಲ್ಲಿ ಮಾಲೀಕರಿಗೆ ಗೊತ್ತಿಲ್ಲದೆಯೇ ಡಿಸ್ಕ್ ಗೂಢಲಿಪಿಗೆ ಬದಲಾಗಿರುವುದುಂಟು. ಅದನ್ನು ಮೊದಲು ಆಫ್ ಮಾಡಿ, ಪೂರ್ತಿ ಬಿಡಿಸಿಕೊಳ್ಳುವವರೆಗೆ ಕಾಯಿರಿ. 48 ಅಂಕಿಗಳ ರಿಕವರಿ ಕೀ ಎಲ್ಲಿದೆ ಎಂದೂ ನೋಡಿಟ್ಟುಕೊಳ್ಳಿ. ಇನ್ನೊಂದು ಫಾಸ್ಟ್ ಸ್ಟಾರ್ಟಪ್. ವಿಂಡೋಸ್ 8ರಿಂದ ಈಚೆಗೆ ಶಟ್‌ಡೌನ್ ಎಂದರೆ ಪೂರ್ತಿ ಮಲಗಿಸುವುದಲ್ಲ, ಅರೆನಿದ್ರೆ. ಆ ಸ್ಥಿತಿಯಲ್ಲಿ ಹೊರಗಿನಿಂದ ಬಂದ ತಂತ್ರಾಂಶ ಡಿಸ್ಕನ್ನು ಮುಟ್ಟಲು ಹಿಂಜರಿಯುತ್ತದೆ, ಆದ್ದರಿಂದ ಇದನ್ನೂ ಆಫ್ ಮಾಡಿ.

ಹೊಸ ಎಸ್‌ಎಸ್‌ಡಿಯನ್ನು ಯುಎಸ್‌ಬಿ ಕೇಸಿಂಗಿನಲ್ಲಿ ಹಾಕಿ ಹೊರಗಿನಿಂದ ಜೋಡಿಸುವುದು ವಾಡಿಕೆ. ಹಳೆಯ ಯುಎಸ್‌ಬಿ 2.0 ಪೋರ್ಟಿನಲ್ಲಿ 200 ಜಿಬಿ ಸಾಗಲು ಒಂದೂವರೆ ಗಂಟೆ ಮೀರುತ್ತದೆ; ನೀಲಿ ಬಣ್ಣದ 3.0ರಲ್ಲಿ ಹಾರ್ಡ್ ಡಿಸ್ಕ್ ಚುರುಕಾಗಿದ್ದರೆ ಮುಕ್ಕಾಲು ಗಂಟೆಯೊಳಗೆ. ನಡುವೆ ಕರೆಂಟ್ ಹೋದರೆ? ಕ್ಲೋನ್ ಮಾಡುವಾಗ ಹಳೆಯ ಡಿಸ್ಕನ್ನು ಬರೀ ಓದುತ್ತಿರುತ್ತಾರೆ, ಅದಕ್ಕೆ ಧಕ್ಕೆಯಿಲ್ಲ, ಮೊದಲಿನಿಂದ ಶುರುಮಾಡಿದರಾಯಿತು. ಪಾರ್ಟಿಷನ್ ಕುಗ್ಗಿಸುವಾಗ ಹೋದರೆ ಮಾತ್ರ ಅಪಾಯ ನಿಜವಾದದ್ದು, ಏಕೆಂದರೆ ಆಗ ಬದಲಾಗುತ್ತಿರುವುದು ಹಳೆಯದೇ. ಲೋಡ್‌ಶೆಡ್ಡಿಂಗ್ ಇರುವ ಊರಿನಲ್ಲಿ ಆ ಹಂತವನ್ನು ಯುಪಿಎಸ್ ಇಲ್ಲದೆ ಮಾಡಬೇಡಿ.

ಇಡೀ ಕೆಲಸದಲ್ಲಿ ಕೈ ನಡುಗಬೇಕಾದ ಕ್ಷಣ ಒಂದೇ: ಯಾವುದರಿಂದ ಯಾವುದಕ್ಕೆ ಎಂದು ಆಯ್ಕೆ ಮಾಡುವುದು. ತಿರುವುಮುರುವಾದರೆ ಖಾಲಿ ಡಿಸ್ಕಿನ ಪ್ರತಿ ತುಂಬಿದ ಡಿಸ್ಕಿನ ಮೇಲೆ ಕೂರುತ್ತದೆ. ಡಿಸ್ಕ್ 0, ಡಿಸ್ಕ್ 1 ಎಂಬ ಸಂಖ್ಯೆಗಳನ್ನಾಗಲಿ ಲಿನಕ್ಸಿನ ಎಸ್‌ಡಿಎ, ಎಸ್‌ಡಿಬಿ ಎಂಬ ಹೆಸರುಗಳನ್ನಾಗಲಿ ನಂಬಬೇಡಿ, ಕೇಬಲ್ ಬದಲಾದರೆ ಅವೂ ಬದಲಾಗುತ್ತವೆ. ಡಿಸ್ಕಿನ ಮೇಲಿನ ಚೀಟಿಯಲ್ಲಿರುವ ಮಾಡೆಲ್ ಮತ್ತು ಸೀರಿಯಲ್ ಸಂಖ್ಯೆಯನ್ನು ಕಾಗದದ ಮೇಲೆ ಬರೆದಿಟ್ಟುಕೊಂಡು, ಪರದೆಯ ಮೇಲಿನದರ ಜೊತೆ ಬೆರಳಿಟ್ಟು ಓದಿ. ಪಕ್ಕದಲ್ಲಿ ಇನ್ನೊಬ್ಬರಿದ್ದರೆ ಅವರ ಕೈಯಲ್ಲೂ ಓದಿಸಿ.

ಮುಗಿದ ಮೇಲೆ ಶಟ್‌ಡೌನ್ ಮಾಡಿ, ಹಳೆಯದನ್ನು ಬಿಚ್ಚಿ, ಹೊಸದನ್ನು ಒಳಗೆ ಕೂರಿಸಿ. ಮೊದಲ ಸಲ ಎಬ್ಬಿಸುವಾಗ ಹಳೆಯ ಡಿಸ್ಕ್ ಜೋಡಿಸಿರಬಾರದು. ಎರಡೂ ಒಂದೇ ಗುರುತಿನ ಸಂಖ್ಯೆ ಹೊತ್ತ ಅವಳಿಗಳು. ಎರಡನ್ನೂ ಒಟ್ಟಿಗೆ ಕಂಡರೆ ಕಂಪ್ಯೂಟರ್ ಯಾವುದರಿಂದ ಎದ್ದಿತೆಂದು ನಿಮಗೂ ತಿಳಿಯುವುದಿಲ್ಲ. ಎದ್ದ ಮೇಲೆ ಐಕಾನ್‌ಗಳು ಕಂಡವೆಂದು ಬಿಡದೆ, ನಾಲ್ಕಾರು ಹಳೆಯ ಫೋಟೊ, ದೊಡ್ಡ ವಿಡಿಯೊ, ಬಳಸುವ ತಂತ್ರಾಂಶ, ಪ್ರಿಂಟರ್ ಎಲ್ಲವನ್ನೂ ತೆರೆದು ನೋಡಿ. ವಿಂಡೋಸ್ ಪರವಾನಗಿ ಹೆಚ್ಚಾಗಿ ಮದರ್‌ಬೋರ್ಡಿಗೆ ಅಂಟಿಕೊಂಡಿರುವುದರಿಂದ ಮತ್ತೆ ಕೊಳ್ಳಬೇಕಿಲ್ಲ.

ವೈರಸ್ ಹೊಕ್ಕಿದ್ದರೆ, ವಿಂಡೋಸೇ ಹಾಳಾಗಿದ್ದರೆ, ಹೊಸದಾಗಿ ಇನ್‌ಸ್ಟಾಲ್ ಮಾಡುವುದೇ ಸರಿ. ಆಗಲೂ ಹಳೆಯ ಡಿಸ್ಕನ್ನು ಫಾರ್ಮ್ಯಾಟ್ ಮಾಡುವ ಕಾರಣವಿಲ್ಲ ಎಂಬುದನ್ನು ಗಮನಿಸಿ. ಅದನ್ನು ಬಿಚ್ಚಿ ಪಕ್ಕಕ್ಕಿಟ್ಟು, ಹೊಸದರ ಮೇಲೆ ವಿಂಡೋಸ್ ಹಾಕಿ, ಹಳೆಯದರಿಂದ ಬೇಕಾದ್ದನ್ನು ಒಂದೊಂದಾಗಿ ತಂದುಕೊಳ್ಳಬಹುದು.

ಕನ್ನಡದಲ್ಲಿ ಕೆಲಸ ಮಾಡುವವರಿಗೆ ಈ ಹೊಸ ಇನ್‌ಸ್ಟಾಲ್‌ನಲ್ಲಿ ಒಂದು ವಿಶೇಷ ನಷ್ಟವಿದೆ. ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿ, ಶೇಷಾದ್ರಿವಾಸು ಚಂದ್ರಶೇಖರನ್ ಅವರ ಬರಹ, ಪ್ರೆಸ್ಸುಗಳಲ್ಲಿ ಬಳಕೆಯಲ್ಲಿರುವ ಶ್ರೀಲಿಪಿ, ಇವುಗಳ ಹಳೆಯ ಫಾಂಟ್‌ಗಳು ಯೂನಿಕೋಡ್ ಅಲ್ಲ. ಅವುಗಳಲ್ಲಿ ಕನ್ನಡದ ಆಕಾರಗಳು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಸಂಕೇತಗಳ ಮೇಲೆ ಕೂತಿವೆ. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಪುಟದ ತುಂಬ ಅರ್ಥವಿಲ್ಲದ ಗುರುತುಗಳು. ಫೈಲ್ ಕೆಟ್ಟಿತೆಂದುಕೊಂಡು ಅಳಿಸಿದವರಿದ್ದಾರೆ. ಅದು ಕೆಟ್ಟಿರುವುದಿಲ್ಲ, ನುಡಿ 01 ಇ ಫಾಂಟನ್ನೋ ಬಿಆರ್‌ಎಚ್ ಕನ್ನಡವನ್ನೋ ಮರಳಿ ಹಾಕಿದರೆ ಅಕ್ಷರಗಳು ಮರಳುತ್ತವೆ. ಆದ್ದರಿಂದ ಫೈಲ್‌ಗಳ ಜೊತೆ ಫಾಂಟ್‌ಗಳನ್ನೂ ತೆಗೆದಿಡಬೇಕು. ವಿಂಡೋಸ್ ಫೋಲ್ಡರಿನೊಳಗಿನ ಫಾಂಟ್ಸ್ ಜಾಗ ಎಲ್ಲರಿಗೂ ಗೊತ್ತು. ವಿಂಡೋಸ್ 10ರ ಈಚಿನ ಆವೃತ್ತಿಗಳಿಂದ ಮೊದಲ್ಗೊಂಡು ಒಬ್ಬ ಬಳಕೆದಾರರಿಗಷ್ಟೇ ಹಾಕಿದ ಫಾಂಟ್ ಅವರ ಹೆಸರಿನ ಫೋಲ್ಡರಿನೊಳಗೆ, ಕಣ್ಣಿಗೆ ಕಾಣದ ಆ್ಯಪ್‌ಡೇಟಾದಲ್ಲಿ ಅಡಗಿರುತ್ತದೆ; ಅದು ತಪ್ಪಿಹೋಗುವುದೇ ಹೆಚ್ಚು. ಪೇಜ್‌ಮೇಕರಿನಲ್ಲಿ ಕಟ್ಟಿಟ್ಟ ಹಳೆಯ ಸಂಚಿಕೆಗಳಿರುವ ಪ್ರೆಸ್ಸುಗಳಿಗೆ, ಸಂಘ ಸಂಸ್ಥೆಗಳಿಗೆ ಕ್ಲೋನಿಂಗ್ ಮಾತ್ರವೇ ನೆಮ್ಮದಿಯ ದಾರಿ ಎಂದು ನಾನು ಹೇಳುವುದು ಇದಕ್ಕೇ. ಅಂಗಡಿಯ ಲೆಕ್ಕ ಟ್ಯಾಲಿಯಲ್ಲಿದ್ದರೆ ಡೇಟಾ ಫೋಲ್ಡರಿನ ಪ್ರತಿ ತೆಗೆಯುವುದರ ಜೊತೆಗೆ, ಹೊಸದಾಗಿ ಇನ್‌ಸ್ಟಾಲ್ ಮಾಡುವ ಮೊದಲು ಪರವಾನಗಿಯನ್ನು ಸರೆಂಡರ್ ಮಾಡಿ ಆಮೇಲೆ ಮತ್ತೆ ಪಡೆಯುವುದು ಕ್ರಮ.

ಬಿಚ್ಚಿದ ಹಳೆಯ ಡಿಸ್ಕನ್ನು ಅಂಗಡಿಯಲ್ಲಿ ಬಿಟ್ಟು ಬರಬೇಡಿ. ಅದು ನಿಮ್ಮದು, ಕೇಳಿ ಇಸಿದುಕೊಳ್ಳಿ. ಕೆಲವು ತಿಂಗಳು ಹಾಗೇ ಇರಲಿ. ಮರೆತದ್ದು ಏನಾದರೂ ನೆನಪಾಗುವುದು ಆಗಲೇ. ಎಸ್‌ಎಸ್‌ಡಿಗೆ ವಿದ್ಯುತ್ ಇಲ್ಲದೆ ವರ್ಷಗಟ್ಟಲೆ ಬಿದ್ದಿರುವುದು ಒಗ್ಗದು. ಆಯಸ್ಸು ಸವೆಸಿದ ಗೃಹಬಳಕೆಯ ಎಸ್‌ಎಸ್‌ಡಿ 30 ಡಿಗ್ರಿ ಶಾಖದಲ್ಲಿ ವಿದ್ಯುತ್ ಇಲ್ಲದೆ ಒಂದು ವರ್ಷ ಮಾಹಿತಿ ಉಳಿಸಬೇಕು ಎಂಬುದಷ್ಟೇ ಉದ್ಯಮದ ಮಾನದಂಡ. ಬೀರುವಿನಲ್ಲಿಡುವ ಪ್ರತಿಗೆ ಹಳೆಯ ಹಾರ್ಡ್ ಡಿಸ್ಕೇ ಮೇಲು, ಅದು ಆರೋಗ್ಯವಾಗಿದ್ದರೆ.

ಯಾರಿಗಾದರೂ ಕೊಡುವುದಾದರೆ, ಗುಜರಿಗೆ ಹಾಕುವುದಾದರೆ, ಕ್ವಿಕ್ ಫಾರ್ಮ್ಯಾಟ್ ಸಾಲದು. ಅದು ಪುಸ್ತಕದ ಪರಿವಿಡಿಯ ಹಾಳೆ ಹರಿದಂತೆ. ಒಳಗಿನ ಪುಟಗಳು ಹಾಗೇ ಇರುತ್ತವೆ, ರಿಕವರಿ ತಂತ್ರಾಂಶ ಅವನ್ನು ಎತ್ತಿಕೊಡುತ್ತದೆ. ಆಧಾರ್ ಪ್ರತಿ, ಪಾಸ್‌ಬುಕ್ ಚಿತ್ರಗಳು ಅಪರಿಚಿತರ ಕೈ ಸೇರುವುದು ಹೀಗೆ. ಹಾರ್ಡ್ ಡಿಸ್ಕಾದರೆ ‘ಕ್ವಿಕ್’ ಎಂಬ ಗುರುತನ್ನು ತೆಗೆದು ಪೂರ್ತಿ ಫಾರ್ಮ್ಯಾಟ್ ಮಾಡಿ. ಆಗ ವಿಂಡೋಸ್ ಆ ಪಾರ್ಟಿಷನ್‌ನ ಉದ್ದಕ್ಕೂ ಸೊನ್ನೆ ತುಂಬುತ್ತದೆ, ಗಂಟೆಗಳು ಹಿಡಿಯುತ್ತವೆ. ಪ್ರತಿ ಪಾರ್ಟಿಷನ್‌ಗೂ ಹೀಗೆ ಮಾಡಬೇಕು. ಎಸ್‌ಎಸ್‌ಡಿಗೆ ಈ ಉಪಾಯ ನಂಬುವಂಥದಲ್ಲ. ಕೋಶಗಳು ಸಮನಾಗಿ ಸವೆಯಲೆಂದು ಅದು ಬರೆಯುವ ಜಾಗವನ್ನು ಒಳಗೊಳಗೇ ಬದಲಿಸುತ್ತಿರುತ್ತದೆ, ಮೇಲೆ ಬರೆದದ್ದು ಹಳೆಯದರ ಮೇಲೆಯೇ ಬಿತ್ತೆಂದು ಹೇಳಲಾಗದು. ಅದಕ್ಕೆ ತಯಾರಕರ ತಂತ್ರಾಂಶದಲ್ಲಿರುವ ಸೆಕ್ಯೂರ್ ಇರೇಸ್ ಬೇಕು. ಅದೂ ಆದ ಮೇಲೆ, 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳ ಪ್ರಕಾರ ನೋಂದಾಯಿತ ಮರುಬಳಕೆದಾರರಿಗೆ ತಲುಪುವಂತೆ ಕೊಟ್ಟುಬಿಡಿ.